ರಸೀದಿ ಇಲ್ಲದ ಧರ್ಮಾತ್ಮ

ಟ್ಯಾಲಿವರ್ ಊರಿನಲ್ಲಿ ಹಾಯ್ಟ್ ಲೆಡ್‌ಬೆಟರ್ ಎಂದರೆ ಹಾಸಿಗೆ ಎಂದೇ ಲೆಕ್ಕ. ಹೆದ್ದಾರಿ ಬದಿಯ ಅವನ ಅಂಗಡಿಯ ಹಾಸಿಗೆಗಳ ಮೇಲೆ ಊರಿನ ಅರ್ಧ ಜನ ಹುಟ್ಟಿದ್ದಾರೆ, ಇನ್ನರ್ಧ ಜನ ಸಾಯಲು ಕಾದು ಮಲಗಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತು ಆ ವ್ಯಾಪಾರಕ್ಕೆ ಒಗ್ಗುವುದಿಲ್ಲ. ಕಾಲು ಎಷ್ಟು ಬೇಕಾದರೂ ಚಾಚಿ, ಅದಕ್ಕೆ ತಕ್ಕ ಹಾಸಿಗೆ ನಾನು ಕೊಡುತ್ತೇನೆ, ಕಂತಿನಲ್ಲಿ ತೀರಿಸಿ ಎನ್ನುವುದು ಅವನ ತತ್ವ. ಎಪ್ಪತ್ತು ದಾಟಿದ, ಕೆಂಪು ಮುಖದ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಈ ಮನುಷ್ಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಯಾವಾಗಲೂ ಎರಡನೇ ಸಾಲಿನಲ್ಲಿ ಕೂರುತ್ತಿದ್ದ. ಮೊದಲ ಸಾಲಿನಲ್ಲಿ ತೂಕಡಿಸಿದರೆ ಪಾದ್ರಿಗಳಿಗೆ ಕಾಣಿಸುತ್ತದೆ.

ಹಾಸಿಗೆ ಅವನ ಹೊಟ್ಟೆಪಾಡು ಅಷ್ಟೆ. ಅವನ ಜೀವ ಇದ್ದದ್ದು ಟ್ಯಾಲಿವರ್ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ. ಚೆಂಡನ್ನು ಕೈಯಲ್ಲಿ ಎಸೆದು, ಎದುರಾಳಿಯನ್ನು ಕೆಡವಿ ಆಡುವ ಅಮೆರಿಕದ ಫುಟ್‌ಬಾಲ್ ಅದು. ಆ ತಂಡದ ಹೆಸರು ಹೇಸರಗತ್ತೆಗಳು. ಹಿಂದೆ ಅಲಬಾಮದ ಹತ್ತಿಹೊಲ ಉತ್ತ ಪ್ರಾಣಿಯ ಗೌರವಕ್ಕೆ ಇಟ್ಟ ಹೆಸರಂತೆ. ಯಾರಿಟ್ಟರೋ, ತಿಳಿದೇ ಇಟ್ಟಿರಬೇಕು. ಹೇಸರಗತ್ತೆ ಬೆನ್ನು ಮುರಿಯುವಂತೆ ದುಡಿಯುತ್ತದೆ, ಬೇಕಾದಾಗ ಒದೆಯುತ್ತದೆ, ಕೂಲಿ ಮಾತ್ರ ಕೇಳುವುದಿಲ್ಲ.

ಆಗಿನ ಕಾಲದಲ್ಲಿ ಆಡುವ ಹುಡುಗರಿಗೆ ಕಾಸು ಕೊಡುವುದು ಮಹಾಪಾಪ. ಅವರು ವಿದ್ಯೆಯ ಪ್ರೀತಿಗಾಗಿ ಆಡುತ್ತಾರೆ ಎಂಬುದು ದೊಡ್ಡವರೆಲ್ಲ ಸೇರಿ ಒಪ್ಪಿಕೊಂಡ ಸುಳ್ಳು. ಅದೇ ಹುಡುಗರ ಬೆನ್ನ ಮೇಲಿನ ನಂಬರಿನ ಅಂಗಿಯನ್ನು ಕಾಲೇಜು ಅಂಗಡಿಯಲ್ಲಿಟ್ಟು ಮಾರುತ್ತಿತ್ತು. ಕೋಚ್‌ಗೆ ಕೆರೆಯ ದಂಡೆಯಲ್ಲಿ ಮನೆ. ಟಿಕೆಟ್ಟಿಗೆ ಊರುದ್ದದ ಸಾಲು. ಹುಡುಗನಿಗೆ ಹಾಸ್ಟೆಲ್ಲಿನಲ್ಲಿ ಒಂದು ಮಂಚ, ಪರೀಕ್ಷೆಗೆ ಪುಸ್ತಕ, ಭಾನುವಾರ ಸಂಜೆ ಊಟದ ಮನೆ ಮುಚ್ಚಿದರೆ ಉಪವಾಸ. ಹುಡುಗನಿಗೆ ಒಣ ಬ್ರೆಡ್ ಕೊಡಬಹುದು, ಬೆಣ್ಣೆ ಸವರಿದರೆ ಕ್ರೀಡಾ ಮಂಡಳಿಯ ತನಿಖೆ ಬರುತ್ತದೆ ಎಂದು ಜನ ನಗುತ್ತಿದ್ದರು.

ಈ ಅನ್ಯಾಯ ಕಂಡು ಹಾಯ್ಟ್‌ನ ಕರುಳು ಚುರುಕ್ ಎಂದಿತಂತೆ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದದ್ದು.

ಶನಿವಾರದ ಆಟ ಮುಗಿದ ಮೇಲೆ ಕ್ರೀಡಾಂಗಣದ ಹಿಂದಿನ ಬಯಲಿನಲ್ಲಿ ಜನ ಕಾರುಗಳ ಡಿಕ್ಕಿ ತೆರೆದು ಅಲ್ಲೇ ಔತಣ ಹೂಡುತ್ತಿದ್ದರು. ಹಂದಿಯ ಪಕ್ಕೆಲುಬು ಸುಡುವ ಹೊಗೆ, ಬಿಯರ್, ಗೆದ್ದರೆ ಹಾಡು, ಸೋತರೆ ಕೋಚ್‌ನ ವಂಶೋದ್ಧಾರ. ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಹುಡುಗರು ಆ ಬಯಲನ್ನು ಹಾದು ಹಾಸ್ಟೆಲ್ಲಿಗೆ ಹೋಗಬೇಕು. ಹಾಯ್ಟ್ ಎದುರು ಬಂದು ಕೈಕುಲುಕುತ್ತಿದ್ದ. ಅವನ ಅಂಗೈಯಲ್ಲಿ ಮೂರು ಮಡಿಕೆಯ ನೋಟು. ಹೆಬ್ಬೆರಳಿನಿಂದ ಅದನ್ನು ಹುಡುಗನ ಅಂಗೈಗೆ ದಾಟಿಸುವಾಗ ಕಣ್ಣು ಎಲ್ಲೋ ಇರಬೇಕು, ಬಾಯಿ ಮಳೆಯ ವಿಷಯ ಮಾತಾಡಬೇಕು. ಇದರಲ್ಲಿ ಹಾಯ್ಟ್‌ನನ್ನು ಮೀರಿಸುವವರು ಆ ಜಿಲ್ಲೆಯಲ್ಲೇ ಇರಲಿಲ್ಲ.

ಹೊಸ ಹುಡುಗನಿಗೆ ಮೊದಲ ಸಲ ಕೊಡುವಾಗ ಪಾಠವೂ ಇರುತ್ತಿತ್ತು.

"ಯಾರಾದ್ರೂ ಬಂದು ಕೇಳಿದ್ರೆ ಏನಂತೀಯ ಮಗಾ?"

"ಹಾಯ್ಟ್ ಸರ್ ಒಳ್ಳೇವ್ರು, ಆದ್ರೆ ಏನೂ ಕೊಟ್ಟಿಲ್ಲ ಅಂತೀನಿ ಸರ್."

"ಅಯ್ಯೋ ಪೆದ್ದೇ! ಹಾಯ್ಟಾ? ಯಾವ ಹಾಯ್ಟು? ಅಂತ ನೀನೇ ತಿರುಗಿಸಿ ಕೇಳ್ಬೇಕು. ನಿನ್ನ ಹೆಂಡ್ತಿ ಕೇಳ್ಲಿ, ಪಾದ್ರಿ ಕೇಳ್ಲಿ, ಕೇಳೋನು ನಾನೇ ಆಗಿರ್ಲಿ. ಹೇಳು ನೋಡೋಣ."

"ಯಾವ ಹಾಯ್ಟು?"

"ಜಾಣ."

ಮೂವತ್ತು ವರ್ಷ ಹೀಗೆ ನಡೆಯಿತು. ಸೋಮವಾರ ಕ್ಷೌರದಂಗಡಿಯಲ್ಲಿ ಯಾರಾದರೂ ಕಣ್ಣು ಮಿಟುಕಿಸಿದರೆ ಹಾಯ್ಟ್ ಛಾವಣಿ ನೋಡಿ ಮುಗುಳ್ನಗುತ್ತಿದ್ದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಬೈಬಲ್ಲಿನಲ್ಲೇ ಇದೆಯಲ್ಲ. ಎಡಗೈಗೆ ತಿಳಿಯದಿದ್ದರೂ ಊರಿಗೆಲ್ಲ ತಿಳಿದಿತ್ತು, ಅದೇ ಅವನಿಗೆ ಬೇಕಾಗಿದ್ದುದು.

ಆಮೇಲೆ ಕಾಲ ಮಗ್ಗುಲು ಬದಲಿಸಿತು. ಕೋರ್ಟುಗಳು ಗದರಿದವು. ಅಜ್ಜನ ಕಾಲದಿಂದ ಪಾಪವಾಗಿದ್ದದ್ದು ಒಂದು ಬೇಸಿಗೆಯಲ್ಲಿ ಪುಣ್ಯವಾಗಿಬಿಟ್ಟಿತು. ಆಡುವ ಹುಡುಗ ಇನ್ನು ತನ್ನ ಹೆಸರು, ತನ್ನ ಮುಖ ಮಾರಿಕೊಂಡು ಸಂಪಾದಿಸಬಹುದು. ಹಾಯ್ಟ್ ಹಿಗ್ಗಿದ. ಇನ್ನು ಕದ್ದುಮುಚ್ಚಿ ಕೊಡಬೇಕಿಲ್ಲ, ಎಲ್ಲರೆದುರಿಗೇ ಕೊಡಬಹುದು ಎಂದುಕೊಂಡ. ಪಾಪ, ಅವನಿಂದ ಯಾರಿಗೂ ಏನೂ ಬೇಕಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಆ ವರ್ಷ ಚೆಂಡೆಸೆಯುವ ಹುಡುಗನೊಬ್ಬ ಕ್ಯಾಲಿಫೋರ್ನಿಯಾದಿಂದ ಬಂದಿದ್ದ, ಹೆಸರು ಕೋಲ್ಟರ್. ಚೆಂಡೆಸೆಯುವವನು ಎಂದರೆ ತಂಡದ ಮದುಮಗ. ಇದು ಅವನ ಮೂರನೆಯ ಕಾಲೇಜು. ಮೊದಲೆರಡರಲ್ಲಿ ವಿದ್ಯೆಯ ದರ ಸರಿಬರಲಿಲ್ಲ. ಹೆದ್ದಾರಿಯ ಫಲಕಗಳಲ್ಲೆಲ್ಲ ಅವನು ಟ್ರಕ್ಕಿನ ಪಕ್ಕ, ಟೈರಿನ ಪಕ್ಕ, ಕರಿದ ಕೋಳಿಯ ಪಕ್ಕ ಒಂದೇ ನಗು ನಗುತ್ತ ನಿಂತಿದ್ದ. ಮೊದಲ ಆಟ ಮುಗಿದ ಮೇಲೆ ಹಾಯ್ಟ್ ಬಯಲಿನಲ್ಲಿ ಅವನನ್ನು ತಡೆದು, ಮೋಡದ ಕಡೆ ನೋಡುತ್ತ ಕೈಕುಲುಕಿದ.

ಕೋಲ್ಟರ್ ಅಂಗೈ ತೆರೆದು ನೋಡಿಕೊಂಡ. "ಸರ್, ನಿಮ್ದೇನೋ ನನ್ನ ಕೈಗೆ ಅಂಟ್ಕೊಂಡು ಬಂದಿದೆ."

"ಇಟ್ಕೋ ಮಗಾ. ಒಳ್ಳೇ ಮಾಂಸ ಗೀಂಸ ತಿನ್ನು."

"ಮಾಂಸ ಕಂಪ್ನಿಯವ್ರೇ ಕಳಿಸ್ತಾರೆ ಸರ್. ನೀವು ಕೊಡ್ಲೇಬೇಕು ಅಂದ್ರೆ ನನ್ನ ಏಜೆಂಟ್‌ಗೆ ಫೋನ್ ಮಾಡಿ, ರಸೀದಿ ಕಳಿಸ್ತಾರೆ. ಬೇರೆ ಯಾರೂ ಅಲ್ಲ, ನಮ್ಮಮ್ಮನೇ." ಹುಡುಗ ನೂರು ಡಾಲರಿನ ನೋಟನ್ನು ಬಿಡಿಸಿ, ನೀಟಾಗಿ ಸವರಿ, ಹಾಯ್ಟ್‌ನ ಅಂಗಿಯ ಜೇಬಿಗೆ ತುರುಕಿದ. "ನೀವೇ ಇಟ್ಕೊಳ್ಳಿ ಸರ್. ಪೆಟ್ರೋಲಿಗಾಗುತ್ತೆ."

ಅಷ್ಟು ಜನರ ಮುಂದೆ ಹಾಯ್ಟ್ ಲೆಡ್‌ಬೆಟರ್ ಒಬ್ಬ ಹುಡುಗನಿಂದ ಭಿಕ್ಷೆ ಇಸಕೊಂಡಂತಾಯಿತು. ಆ ಶನಿವಾರ ತಂಡ ಗೆದ್ದರೂ ಅವನು ಊಟ ಮಾಡಲಿಲ್ಲ.

ಅದೇ ಚಳಿಗಾಲದಲ್ಲಿ ಕಾಲೇಜಿನಲ್ಲೊಂದು ಗೋಡೆ ಎದ್ದಿತು. ಹುಡುಗರಿಗೆ ಕೊಡಲು ಊರವರಿಂದ ಹಣ ಎತ್ತುವ ಹೇಸರಗತ್ತೆ ನಿಧಿ ಎಂಬ ಸಂಘ ಹುಟ್ಟಿಕೊಂಡಿತ್ತು. ಕ್ರೀಡಾಂಗಣದ ಮುಂಬಾಗಿಲಿನಲ್ಲಿ ಅವರು ಕಪ್ಪುಕಲ್ಲಿನ ಗೋಡೆ ಕಟ್ಟಿಸಿ, ಆದಿ ದಾನಿಗಳು ಎಂದು ತಲೆಬರಹ ಕೆತ್ತಿಸಿದರು. ಹಾಯ್ಟ್ ನೋಡಿ ಬಂದ. ಹಲ್ಲಿನ ಡಾಕ್ಟರ ಹೆಸರಿತ್ತು, ಟ್ರಕ್ಕು ಮಾರುವವನ ಹೆಸರಿತ್ತು, ಆಟ ಎಂದರೆ ಮೂಗು ಮುರಿಯುತ್ತಿದ್ದ ವಿಧವೆಯೊಬ್ಬಳ ಹೆಸರೂ ಇತ್ತು. ಅವನ ಹೆಸರಿರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎನ್ನುತ್ತಾರೆ. ಇಲ್ಲಿ ನಿನ್ನೆ ಮೊನ್ನೆ ಕೊಟ್ಟವರೂ ಈರಭದ್ರರೇ, ಹಾಯ್ಟ್ ಒಬ್ಬನೇ ಕೋಡಂಗಿ.

ನಿಧಿಯ ಅಧ್ಯಕ್ಷ ಬ್ರೆಂಟ್ ಕಲ್‌ಪೆಪರ್, ಮೂವತ್ತು ತುಂಬದ ವಕೀಲ, ಚಳಿ ಇರಲಿ ಸೆಕೆ ಇರಲಿ ತೋಳಿಲ್ಲದ ಕೋಟು ಹಾಕುವವನು. ಹಾಯ್ಟ್ ಅವನ ಕಚೇರಿಗೆ ಹೋಗಿ ಕುರ್ಚಿ ತುಂಬ ಕೂತ.

"ನಾನು ಕೊಡೋಕೆ ಶುರು ಮಾಡ್ದಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣಯ್ಯಾ. ನನ್ನ ಹೆಸ್ರೆಲ್ಲಿ?"

"ಎಲ್ರೂ ಹಾಗೇ ಅಂತಾರೆ ಹಾಯ್ಟ್ ಸರ್. ನಂಗೂ ಗೊತ್ತು, ಊರಿಗೂ ಗೊತ್ತು. ಆದ್ರೆ ಏನಾದ್ರೂ ದಾಖಲೆ ಇದ್ಯಾ? ರಸೀದಿ, ಚೆಕ್ಕು?"

"ಲೇ, ರಸೀದಿ ಇದ್ದಿದ್ರೆ ಕಾಲೇಜಿಗೇ ಬೀಗ ಜಡೀತಿದ್ರು! ಒಂದು ತುಂಡು ಕಾಗದ ಉಳಿಸ್ಲಿಲ್ಲ ಅನ್ನೋದೇ ಕಣೋ ನನ್ನ ಸಾಧನೆ."

"ಸಾಧನೆ ಕಲ್ಲಿನ ಮೇಲೆ ಕೆತ್ತೋಕಾಗಲ್ಲ ಸರ್." ಬ್ರೆಂಟ್ ಪೆನ್ನು ತಿರುಗಿಸಿದ. "ಎರಡು ದಾರಿ ಇದೆ. ಐವತ್ತು ಸಾವಿರ ಡಾಲರ್ ಚೆಕ್ ಕೊಡಿ, ನಾಳೇನೇ ಕೆತ್ತಿಸ್ತೀನಿ. ಇಲ್ಲಾಂದ್ರೆ ನಿಮ್ಮ ಕೈಯಿಂದ ತಗೊಂಡ ಒಬ್ಬ ಹಳೇ ಆಟಗಾರ್ನ ಕರ್ಕೊಂಡ್ಬನ್ನಿ. ವಸಂತದ ಔತಣದಲ್ಲಿ ಎಲ್ರ ಮುಂದೆ ನಿಂತು, ಹೌದು, ಕೊಟ್ರು ಅಂದ್ರೆ ಸಾಕು. ಹಳೇ ಕೇಸು ಯಾರೂ ಕೆದಕಲ್ಲ, ಅದು ನನ್ನ ಜವಾಬ್ದಾರಿ."

ಐವತ್ತು ಸಾವಿರ ಡಾಲರಿಗೆ ಎಷ್ಟು ಹಾಸಿಗೆ ಮಾರಬೇಕು ಎಂಬುದು ಹಾಯ್ಟ್‌ಗೆ ಗೊತ್ತಿತ್ತು. ಸಾಕ್ಷಿಯೇ ಅಗ್ಗ ಅನ್ನಿಸಿತು. ಮನೆಗೆ ಬಂದು ಹೆಂಡತಿ ನೆಲ್ಡಾಗೆ ಹೇಳಿದ. ಅವಳು ಬೀನ್ಸ್ ಮುರಿಯುತ್ತಿದ್ದಳು.

"ಗೋರಿ ಕಲ್ಲಿನ ಮೇಲೆ ಹೆಸರು ಬರೀತಾರಲ್ಲ, ಅಷ್ಟು ಸಾಲ್ದಾ ನಿಂಗೆ?"

"ಗೋರಿ ನೋಡೋಕೆ ಶನಿವಾರ ನಲವತ್ತು ಸಾವಿರ ಜನ ಬರಲ್ಲ ಕಣೇ. ನಮಗೆ ಮಕ್ಕಳಿಲ್ಲ ಮರಿಯಿಲ್ಲ. ಅಂಗಡಿ ಯಾರೋ ಕೊಂಡ್ಕೋತಾರೆ, ಬೋರ್ಡು ಕಿತ್ತು ಹಾಕ್ತಾರೆ. ಹಾಯ್ಟ್ ಅನ್ನೋನು ಇದ್ದ, ಹುಡುಗರಿಗೆ ಆಗಿ ಬಂದ ಅಂತ ಒಂದು ಕಡೆಯಾದ್ರೂ ಇರ್ಬೇಕು."

ಮುದುಕ ಸುಳ್ಳು ಹೇಳುತ್ತಿರಲಿಲ್ಲ. ಮೂವತ್ತು ವರ್ಷ ತಾನು ಆ ಹುಡುಗರಿಗೆ ತಂದೆಯಂತಿದ್ದೆ ಎಂದು ಅವನು ಮನಸಾರೆ ನಂಬಿದ್ದ. ನೆಲ್ಡಾ ಬೀನ್ಸ್ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಫೋನು ಹಿಡಿದು ಕೂತ. ಮೊದಲು ಅಟ್ಲಾಂಟಾದಲ್ಲಿ ವಿಮೆ ಮಾರಿಕೊಂಡಿರುವ ಹಳೆಯ ಆಟಗಾರನಿಗೆ ಮಾಡಿದ.

"ಲೇ ಮಗಾ, ನಾನು ಹಾಯ್ಟ್ ಲೆಡ್‌ಬೆಟರ್!"

"ಯಾವ ಹಾಯ್ಟು?"

"ನಾನೇ ಕಣೋ! ಟ್ಯಾಲಿವರ್! ಹಾಸಿಗೆ ಅಂಗ್ಡಿ!"

"ಹಾಸಿಗೆ ಬೇಡ ಸರ್, ಮೊನ್ನೆ ತಾನೇ ತಗೊಂಡ್ವಿ."

"ಅಯ್ಯೋ, ಈಗ ಬಾಯಿ ಬಿಡಬಹುದು ಕಣೋ! ಕಾನೂನೇ ಬದಲಾಗಿದೆ!"

"ಕಾನೂನು ಬದಲಾಗಿದೆ, ಈಗ ಹೇಳಬಹುದು ಅಂತ ನಂಬಿಸಿ ಬಾಯಿ ಬಿಡ್ಸೋರು ಬರ್ತಾರೆ, ಹುಷಾರು ಅಂತ ಚಿಕ್ಕವನಿದ್ದಾಗ ಒಬ್ರು ಹೇಳ್ಕೊಟ್ಟಿದ್ರು ಸರ್. ಆ ಪುಣ್ಯಾತ್ಮ ಯಾರೋ, ಹೆಸ್ರು ನೆನಪಿಲ್ಲ." ಫೋನು ಇಟ್ಟ.

ಎರಡನೆಯವನು ಬರ್ಮಿಂಗ್‌ಹ್ಯಾಮಿನಲ್ಲಿ ಪಾದ್ರಿಯಾಗಿದ್ದ. ಅವನು ಯಾವ ಹಾಯ್ಟು ಎಂದು ಕೇಳಿ, ಯಾರಾದರೇನು, ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದ. ಇನ್ನೊಬ್ಬ ಹೆಸರು ಕೇಳಿದ ಕೂಡಲೇ ನಕ್ಕ. "ನನ್ನ ಹೆಸ್ರು, ನನ್ನ ಮುಖ ವೇದಿಕೆ ಮೇಲೆ ಬಳಸ್ಕೊಳ್ಳೋದಾದ್ರೆ ಅದಕ್ಕೀಗ ಒಂದು ರೇಟು ಇರುತ್ತಲ್ಲ ಸರ್? ಎಷ್ಟು ಕೊಡ್ತೀರಾ?" ಈ ಸಲ ಹಾಯ್ಟೇ ಫೋನು ಇಟ್ಟ. ಸಂಜೆಯವರೆಗೆ ಮಾಡಿದ. ಪಾಠವನ್ನು ಎಷ್ಟು ಚೆನ್ನಾಗಿ ಕಲಿಸಿದ್ದನೆಂದರೆ ಒಬ್ಬ ವಿದ್ಯಾರ್ಥಿಯೂ ಫೇಲಾಗಲಿಲ್ಲ. ಕಾಲೇಜಿನ ಯಾವ ಪ್ರೊಫೆಸರನಿಗೂ ಅಂಥ ಫಲಿತಾಂಶ ಬಂದಿರಲಾರದು.

ಉಳಿದವನು ಡೆಲ್ರಾಯ್ ಮಿಮ್ಸ್ ಒಬ್ಬನೇ. ಅವನಿಗೆ ಫೋನು ಮಾಡಬೇಕಾಗಿರಲಿಲ್ಲ, ರೈಲುಹಳಿಯ ಆಚೆಗೇ ಮನೆ. ಶಾಲೆಯ ಬಸ್ಸು ಓಡಿಸುತ್ತಾನೆ. ಎಡ ಮಂಡಿ ಮಡಚುವುದಿಲ್ಲವಾದ್ದರಿಂದ ಇಳಿಯುವಾಗ ಮೊದಲು ಆ ಕಾಲನ್ನು ಕೈಯಿಂದ ಎತ್ತಿ ಹೊರಗಿಡಬೇಕು. ಎಂಬತ್ತೆಂಟನೇ ಇಸವಿಯಲ್ಲಿ ಆ ಕಾಲು ಓಡಿದರೆ ಎದುರಿನ ತಂಡದ ಚೆಂಡೆಸೆಯುವವನು ದೇವರನ್ನು ನೆನೆಯುತ್ತಿದ್ದ. ನವೆಂಬರಿನಲ್ಲಿ ಒಂದು ಆಟದಲ್ಲಿ ಮಂಡಿ ಹೋಯಿತು. ಆ ವರ್ಷದ ಪ್ರತಿ ಆಟದ ಅಂಕಗಳೂ ಹಾಯ್ಟ್‌ಗೆ ಬಾಯಿಪಾಠ. ನವೆಂಬರನ್ನು ಮಾತ್ರ ಅವನು, ನಮ್ಮ ದೊಡ್ಡ ಪಂದ್ಯ ತಪ್ಪಿಹೋದ ತಿಂಗಳು ಎಂದೇ ನೆನಪಿಟ್ಟುಕೊಂಡಿದ್ದ. ಒಂದೇ ಊರಿನಲ್ಲಿದ್ದೂ ಇಬ್ಬರೂ ಇಷ್ಟು ವರ್ಷ ತಲೆಯಾಡಿಸುವುದರಲ್ಲೇ ಕಳೆದಿದ್ದರು.

ಡೆಲ್ರಾಯ್ ಜಗಲಿಯ ಮೇಲೆ ಕೂತಿದ್ದ. ಹಾಯ್ಟ್ ಮೆಟ್ಟಿಲ ಕೆಳಗೆ ನಿಂತೇ ವಿಷಯ ಹೇಳಿದ. ಮೇಲೆ ಬನ್ನಿ ಎಂದು ಡೆಲ್ರಾಯ್ ಕರೆಯಲಿಲ್ಲ.

"ನೀನಾದ್ರೂ ಯಾವ ಹಾಯ್ಟು ಅನ್ಬೇಡ ಮಾರಾಯಾ."

"ಅನ್ನಲ್ಲ ಸರ್. ನೀವು ಚೆನ್ನಾಗಿ ನೆನಪಿದ್ದೀರಿ."

"ನಿಂತು ಎರಡು ಮಾತು ಹೇಳಿದ್ರೆ ಸಾಕು."

"ಇದ್ದದ್ದು ಇದ್ದ ಹಾಗೆ ಹೇಳ್ಲಾ?"

"ಅದೇ ಕಣೋ ನಂಗೆ ಬೇಕಾಗಿರೋದು!"

"ಹಾಗಾದ್ರೆ ಬರ್ತೀನಿ ಸರ್."

ಹಾಯ್ಟ್ ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಹಾಡಿಕೊಂಡ.

ಏಪ್ರಿಲಿನ ಭಾನುವಾರ, ಚರ್ಚು ಮುಗಿದ ಮೇಲೆ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಔತಣ. ಕರಿದ ಕೋಳಿ, ಜೋಳದ ಬ್ರೆಡ್, ಹಲ್ಲು ಜುಮ್ಮೆನ್ನುವಷ್ಟು ಸಕ್ಕರೆ ಹಾಕಿದ ತಣ್ಣನೆ ಚಹಾ. ಹಾಯ್ಟ್ ಮದುವೆಯ ನಂತರ ಎರಡನೆಯ ಸಲ ಹೊಸ ಸೂಟು ಹೊಲಿಸಿದ್ದ. ಬಿಳಿ ಬಟ್ಟೆ ಮುಚ್ಚಿದ, ಅವನ ಹೆಸರು ಕೆತ್ತಿದ ಹಿತ್ತಾಳೆ ಫಲಕ ವೇದಿಕೆಯ ಮೇಲಿತ್ತು. ಗೋಡೆಗೆ ಹಾಕುವುದಕ್ಕೆ ಮುಂಚೆ ಅದನ್ನು ಅವನ ಕೈಗೆ ಕೊಟ್ಟು ಫೋಟೊ ತೆಗೆಯಬೇಕು. ಬ್ರೆಂಟ್ ನಾಲ್ಕು ಜೋಕು ಹೇಳಿ ಡೆಲ್ರಾಯ್‌ನನ್ನು ಕರೆದ. ಡೆಲ್ರಾಯ್ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತು ಮೈಕು ಇಸಕೊಂಡ.

"ಹಾಯ್ಟ್ ಸರ್ ಕೊಡ್ತಿದ್ರು. ಅದು ನಿಜ. ನನ್ನ ಕೈಗೇ ಕೊಟ್ಟಿದಾರೆ," ಎಂದ. ಚಪ್ಪಾಳೆ. ಹಾಯ್ಟ್ ಕರವಸ್ತ್ರ ತೆಗೆದು ಕಣ್ಣೊರಸಿಕೊಂಡ.

"ಒಬ್ಬನ್ನ ಕೆಡವಿದ್ರೆ ಇಪ್ಪತ್ತು ಡಾಲರು. ಚೆಂಡೆಸೆಯೋನ್ನ ಕೆಡವಿದ್ರೆ ಐವತ್ತು. ಕೆಡವಿದೋನು ಮತ್ತೆ ಮೇಲೇಳ್ದೇ ಹೋದ್ರೆ ನೂರು." ಜನ ಗೊಳ್ಳೆಂದು ನಕ್ಕರು. ಯಾರೋ ಹೇಸರಗತ್ತೆಯಂತೆ ಕೂಗಿದರು. "ನಮ್ಮಮ್ಮ ಲಾಂಡ್ರೀಲಿ ಇಸ್ತ್ರಿ ಮಾಡ್ತಿದ್ಳು. ನೂರು ಡಾಲರು ಅಂದ್ರೆ ಅವಳಿಗೆ ಒಂದು ವಾರ. ಅದಕ್ಕೇ ನಾನು ಅಷ್ಟು ಜೋರಾಗಿ ಓಡ್ತಿದ್ದೆ, ಕಾಲೇಜಿನ ಅಭಿಮಾನಕ್ಕಲ್ಲ. ಒಂದ್ಸಲ ಜಾರ್ಜಿಯಾದ ಹುಡುಗನೊಬ್ಬ ಮೇಲೇಳ್ಲಿಲ್ಲ. ಆ ದುಡ್ಡಲ್ಲಿ ಅಮ್ಮಂಗೆ ಕೋಟು ತಂದೆ. ಎಲ್ಲಿಂದ ಬಂತು ಅಂತ ಕೇಳಿದ್ಳು, ಹೇಳೋಕಾಗ್ಲಿಲ್ಲ. ಆ ಹುಡುಗನ ಹೆಸ್ರು ಇವತ್ತಿಗೂ ನಾನು ಮರ್ತಿಲ್ಲ."

ನಗು ಅಲ್ಲಲ್ಲಿ ಮಾತ್ರ ಉಳಿಯಿತು. ನೆಲ್ಡಾ ಮುಳ್ಳುಚಮಚ ಕೆಳಗಿಟ್ಟಳು.

"ಆಮೇಲೆ ನನ್ನ ಮಂಡಿ ಹೋಯ್ತು. ಆಸ್ಪತ್ರೇಲಿ ಮಲಗಿ ಬಾಗಿಲು ನೋಡ್ತಾ ಇದ್ದೆ, ಹಾಯ್ಟ್ ಸರ್ ಬರ್ತಾರೆ ಅಂತ. ದುಡ್ಡಿಗಲ್ಲ. ಮಗಾ ಅಂತ ಕರೀತಿದ್ರಲ್ಲ, ಅದಕ್ಕೆ. ಬರ್ಲಿಲ್ಲ. ಮಂಚದ ಮೇಲೆ ಮಲಗಿದೋನು ಯಾರನ್ನ ಕೆಡವ್ತಾನೆ? ಅವ್ರದ್ದೇನೂ ತಪ್ಪಿಲ್ಲ, ಒಪ್ಪಂದ ಇದ್ದದ್ದೇ ಹಂಗೆ. ಇಷ್ಟೇ ಸರ್, ಕೇಳಿದ್ರಿ, ಹೇಳ್ದೆ." ಮೈಕನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ಹೊರಟ.

ಜನ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಆದರೆ ಬ್ರೆಂಟ್ ಕಲ್‌ಪೆಪರ್ ವಕೀಲ. ಬಿದ್ದ ಮಾತನ್ನು ನೆಲ ಮುಟ್ಟುವ ಮೊದಲೇ ಹಿಡಿಯುವವನು.

"ಕೇಳಿದ್ರಾ!" ಎಂದು ಮೈಕು ಕಸಿದುಕೊಂಡ. "ಕೆಲ್ಸಕ್ಕೆ ತಕ್ಕ ಪ್ರತಿಫಲ! ಇವತ್ತು ನಾವು ದೊಡ್ಡ ದೊಡ್ಡ ಕರಾರು ಬರೆದು ಮಾಡ್ತಿರೋದನ್ನ ಈ ಮನುಷ್ಯ ಆಗ್ಲೇ ಅಂಗೈಯಲ್ಲಿ ಮಾಡಿ ತೋರ್ಸಿದ್ರು! ಕಾಲಕ್ಕಿಂತ ಮುಂದಿದ್ದ ನಮ್ಮ ಆದಿ ದಾನಿ!"

ಸಭೆಗೆ ಬೇಕಾಗಿದ್ದೂ ಅದೇ. ಉಂಡ ಕೋಳಿ ದಕ್ಕಬೇಕಲ್ಲ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೋಲ್ಟರ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಫಲಕವನ್ನು ಹಾಯ್ಟ್‌ನ ಕೈಗೆ ಕೊಟ್ಟು ಫೋಟೊ ತೆಗೆದರು. ಇಡೀ ಜೀವಮಾನ ಅವನು ಬಯಸಿದ್ದ ಚಪ್ಪಾಳೆ ಅದು, ನಿಲ್ಲುವ ಲಕ್ಷಣವೇ ಇರಲಿಲ್ಲ. ಹಾಯ್ಟ್ ಜನರ ತಲೆಗಳ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದ. ಡೆಲ್ರಾಯ್ ಇನ್ನೂ ಬಾಗಿಲು ಮುಟ್ಟಿರಲಿಲ್ಲ. ಆ ಕಾಲಿಗೆ ಸಭಾಂಗಣ ಉದ್ದವಾಗಿತ್ತು. ತಿರುಗಿ ನೋಡಬಾರದೇ ಎಂದು ಹಾಯ್ಟ್‌ಗೆ ಬಹಳ ಅನ್ನಿಸಿತು. ಅವನು ನೋಡಲಿಲ್ಲ.

ಮನೆಗೆ ಹೋಗುವಾಗ ಕಾರು ನೆಲ್ಡಾ ಓಡಿಸಿದಳು. ಹಾಯ್ಟ್ ಫಲಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಸೋಮವಾರ ಕಳಿಸಿಕೊಡುತ್ತೇನೆಂದು ಬ್ರೆಂಟ್‌ನಿಂದ ಇಸಕೊಂಡು ಬಂದಿದ್ದ. ರೈಲು ದಾಟುವ ಕಡೆ ಗೇಟು ಬಿತ್ತು. ಗೂಡ್ಸು ರೈಲು, ಮುಗಿಯುವುದೇ ಇಲ್ಲ.

"ಹಾಯ್ಟ್," ಎಂದಳು ನೆಲ್ಡಾ, ಎದುರು ನೋಡುತ್ತಲೇ. "ಆ ಹುಡುಗ ಆಸ್ಪತ್ರೇಲಿದ್ದಾಗ ನಾನು ಬೆಣ್ಣೆ ಕೇಕು ಮಾಡಿ ನಿನ್ನ ಕೈಲಿ ಕಳಿಸಿದ್ದೆ."

ಹಾಯ್ಟ್ ಫಲಕದ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ.

"ನೀನು ಖಾಲಿ ತಟ್ಟೆ ವಾಪಸ್ ತಂದೆ. ಪಾಪದ ಹುಡುಗ, ಒಂದು ಚೂರೂ ಬಿಡದೆ ತಿಂದ, ನಿಂಗೆ ಒಳ್ಳೇದಾಗ್ಲಿ ಅಂದ ಅಂತ ಹೇಳ್ದೆ. ಇಷ್ಟು ವರ್ಷ ಶಾಲೆ ಬಸ್ಸು ಎದುರಿಗೆ ಬಂದಾಗಲೆಲ್ಲ ನಾನು ಕೈ ಬೀಸ್ತಿದ್ದೆ. ನನ್ನ ಕೇಕು ತಿಂದ ಹುಡುಗ ಅಂತ."

"ತನಿಖೆಯವ್ರು ನೋಡ್ತಿರ್ತಾರೆ ಅಂತ ಭಯ ಆಯ್ತು ಕಣೇ. ಒಳಗೆ ಹೋಗೋಕೆ ಕಾಲೇ ಬರ್ಲಿಲ್ಲ. ಆಸ್ಪತ್ರೆ ಮುಂದೆ ಕಾರಲ್ಲೇ ಕೂತಿದ್ದೆ, ಬಹಳ ಹೊತ್ತು."

ರೈಲಿನ ಕೊನೆಯ ಡಬ್ಬಿ ದಾಟಿತು. ಗೇಟು ಎದ್ದರೂ ನೆಲ್ಡಾ ಕಾರು ಮುಂದಕ್ಕೆ ಬಿಡಲಿಲ್ಲ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ.

"ಕೇಕು?" ಎಂದಳು.

ಹಾಯ್ಟ್ ಫಲಕವನ್ನು ಮಗುಚಿ ಹಾಕಿದ. "ಚೆನ್ನಾಗಿತ್ತು, ನೆಲ್ಡಾ."